ಗದ್ದೆಗೆ ಮುಖಮಾಡಿ ನಿಂತ ಐನ್‌ಮನೆ

ಮಡಿಕೇರಿ, ವಿರಾಜಪೇಟೆ ಸುತ್ತಿನ ಹಳ್ಳಿಗಳಲ್ಲಿ ಕಾಫಿ ತೋಟದ ನೆರಳು ಮುಗಿದು ಗದ್ದೆ ಬಯಲು ತೆರೆಯುವ ಕಡೆ ತುಸು ನಿಂತು ನೋಡಬೇಕು. ಬಯಲಿನ ಅಂಚಿನಲ್ಲಿ, ನೀರು ನಿಲ್ಲದಷ್ಟು ಎತ್ತರದ ಮೇಲೆ, ಒಂದು ಹಳೆಯ ಹೆಂಚಿನ ಮನೆ ಗದ್ದೆಯ ಕಡೆಗೆ ಮುಖಮಾಡಿ ನಿಂತಿರುತ್ತದೆ. ಅದೇ ಐನ್‌ಮನೆ. ಒಂದು ಒಕ್ಕದ, ಎಂದರೆ ಒಂದೇ ಮೂಲ ಪುರುಷನ ವಂಶದವರ, ಹಿರಿಯರ ಮನೆ. ಕೊಡವರಿಗಷ್ಟೇ ಅಲ್ಲ, ಜಿಲ್ಲೆಯ ಅರೆಭಾಷೆ ಗೌಡ ಕುಟುಂಬಗಳಿಗೂ ಐನ್‌ಮನೆಗಳಿವೆ.

ಇದನ್ನು ಅರಮನೆಯಂತೆ ನೋಡಿ ಬೆರಗಾಗುವವರು ಬಹಳ. ಆದರೆ ಇದು ಬೇಸಾಯಗಾರ ತನ್ನ ಬೇಸಾಯಕ್ಕಾಗಿ ಕಟ್ಟಿಕೊಂಡ ಮನೆ. ಮುಂದೆ ಭತ್ತದ ಗದ್ದೆ, ಹಿಂದೆ ಬಾಣೆ. ದನಗಳ ಮೇವು, ಸೌದೆ, ಗದ್ದೆಗೆ ಬೇಕಾದ ಸೊಪ್ಪಿನ ಗೊಬ್ಬರ ಎಲ್ಲವೂ ಬಾಣೆಯಿಂದಲೇ ಬರಬೇಕಾಗಿತ್ತು. ಇವೆರಡರ ನಡುವೆ ಮನೆ ಇದ್ದರೆ ಸೊಪ್ಪು ಹೊರುವವನಿಗೂ ದಾರಿ ಹತ್ತಿರ, ಗದ್ದೆ ಕಾಯುವವನಿಗೂ ಕಣ್ಣಳತೆ. ಮನೆಗೆ ಬರಲು ಎರಡೂ ಕಡೆ ಮಣ್ಣಿನ ದಿಬ್ಬವಿರುವ ಓಣಿ. ಓಣಿ ದಾಟಿದರೆ ಒಕ್ಕಣೆಯ ಕಳ. ಇಂದು ಅದೇ ಕಳದಲ್ಲಿ ಕಾಫಿ ಹಣ್ಣು ಒಣಗುವುದನ್ನು ಕಾಣಬಹುದು.

ಮೆಟ್ಟಿಲೇರಿದರೆ ಮೊದಲು ಸಿಗುವುದು ಕೈಯಾಲೆ, ಎಂದರೆ ಜಗಲಿ. ಅದರ ಮರದ ಕಂಬಗಳ ನಡುವೆ ಅಗಲವಾದ ಹಲಗೆ ಕೂರಿಸಿರುತ್ತಾರೆ; ಇದಕ್ಕೆ ಐಮರ ಎಂದು ಹೆಸರು. ಹಿರಿಯರು ಕೂರುವ ಜಾಗವಾದ್ದರಿಂದ ಕಿರಿಯರು ಸುಮ್ಮನೆ ಅಲ್ಲಿ ಕೂರುವಂತಿಲ್ಲ. ಅಲ್ಲಿಂದ ಗದ್ದೆಯ ಬಹುಭಾಗ ಕಣ್ಣಿಗೆ ಬೀಳುತ್ತದೆ. ಮನೆಯ ಯಜಮಾನನ ಕಚೇರಿ ಎಂದರೂ ಅದೇ!

ದೊಡ್ಡ ಐನ್‌ಮನೆಗಳು ನಾಲ್ಕು ಅಂಕಣದವು. ನಡುವೆ ಆಕಾಶಕ್ಕೆ ತೆರೆದ ಅಂಗಳ. ಹಳೆ ಮೈಸೂರಿನ ಓದುಗರು ತಮ್ಮ ತೊಟ್ಟಿ ಮನೆಯನ್ನು ನೆನೆದರೆ ಸಾಕು. ನಾಲ್ಕೂ ಕಡೆಯ ಮಾಡಿನ ನೀರು ಅಲ್ಲಿ ಬಿದ್ದು ಮೋರಿಯಿಂದ ಹೊರಹೋಗುತ್ತದೆ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿ ಸೀಮೆಯಲ್ಲಿ ಆ ಮೋರಿ ಕಟ್ಟಿಕೊಂಡರೆ ಮನೆಯ ಕಥೆ ಮುಗಿದಂತೆಯೇ. ಒಳಗಿನ ಮುಖ್ಯ ಅಂಕಣ ನೆಲ್ಲಕ್ಕಿ ನಡುಬಾಡೆ. ಇಲ್ಲಿ ಹಿರಿಯರ ಹೆಸರಿನ ದೀಪ ಉರಿಯುತ್ತದೆ. ನೈಋತ್ಯ ಮೂಲೆಯ ಕೋಣೆ ಕನ್ನಿ ಕೋಂಬರೆ, ಪೂಜೆಯ ಜಾಗ. ಪುತ್ತರಿಯ ದಿನ ಗದ್ದೆಯಿಂದ ಕೊಯ್ದು ತಂದ ಹೊಸ ಕದಿರು ಮೊದಲು ಬರುವುದು ಈ ಮನೆಗೆ. ಭತ್ತ ತುಂಬಲು ಮರದ ದೊಡ್ಡ ಪತ್ತಾಯ ಬೇರೆ.

ಗೋಡೆ ಮಣ್ಣಿನದು, ತೊಲೆ-ಕಂಬ ಹಲಸು ಮುಂತಾದ ಮರದ್ದು. ಮೊದಲು ಹುಲ್ಲು ಹೊದಿಸುತ್ತಿದ್ದರು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಕ್ರಮೇಣ ಹೆಂಚು ಘಟ್ಟ ಹತ್ತಿತು.

1834ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. 1854ರಲ್ಲಿ ಮಡಿಕೇರಿಯಲ್ಲಿ ಫೌಲರ್ ಎಂಬ ಇಂಗ್ಲಿಷರವನು ಕಾಫಿ ತೋಟ ಹಾಕಿದ. ತೋಟಗಳ ಜೊತೆಗೆ ಬಂಗಲೆಗಳೂ ಬಂದವು. ಬಂಗಲೆ ಸಾಮಾನ್ಯವಾಗಿ ಗುಡ್ಡದ ನೆತ್ತಿ ಹುಡುಕುತ್ತದೆ, ನೋಟಕ್ಕಾಗಿ. ಐನ್‌ಮನೆ ಗದ್ದೆಯಂಚು ಹುಡುಕುತ್ತದೆ, ಕೆಲಸಕ್ಕಾಗಿ. ಹಾಗೆಂದು ಇಂಗ್ಲೆಂಡಿನ ರೈತನೇನೂ ನೋಟಕ್ಕಾಗಿ ಮನೆ ಕಟ್ಟಿದವನಲ್ಲ. ಅಲ್ಲಿನ ಡೆವನ್ ಸೀಮೆಯ ಹಳೆಯ ಉದ್ದಮನೆಗಳಲ್ಲಿ ಒಂದೇ ಮಾಡಿನಡಿ ಮೇಲಿನ ತುದಿಯಲ್ಲಿ ಜನ, ಇಳಿಜಾರಿನ ತುದಿಯಲ್ಲಿ ದನ. ಗಂಜಲ ಕೆಳಗೆ ಹರಿದುಹೋಗುತ್ತಿತ್ತು, ಚಳಿಗೆ ದನದ ಬೆಚ್ಚನೆಯೂ ಸಿಗುತ್ತಿತ್ತು. ನಮ್ಮವರು ಕೊಟ್ಟಿಗೆಯನ್ನು ಬೇರೆಯೇ ಇಟ್ಟರು.

ಈಗ ಈ ಮನೆಗಳ ಗತಿ ಏನು? ಐನ್‌ಮನೆ ಇಡೀ ಒಕ್ಕದ್ದು, ಒಬ್ಬನದಲ್ಲ. ಮಕ್ಕಳು ಪೇಟೆಗೆ, ಪಟ್ಟಣಕ್ಕೆ ಹೋದ ಮೇಲೆ ರಿಪೇರಿ ಎಲ್ಲರ ಕೆಲಸವಾಗಿ, ಕೊನೆಗೆ ಯಾರ ಕೆಲಸವೂ ಅಲ್ಲದಂತಾಗಿದೆ. ಒಲೆ ಉರಿಯದ ಮನೆಯಲ್ಲಿ ಹೊಗೆಯಿಲ್ಲ; ಹೊಗೆಯಿಲ್ಲದ ಮಾಡಿನ ಮರಕ್ಕೆ ತೇವ, ಹುಳು, ಗೆದ್ದಲು ಬೇಗ ಹತ್ತುತ್ತವೆ. ಕೆಲವರು ಹಳೆಯದನ್ನು ಕೆಡವಿ ತಾರಸಿ ಕಟ್ಟಿದರು. ತಾರಸಿ ಸೋರಿದ ಮೇಲೆ ಅದರ ಮೇಲೊಂದು ತಗಡಿನ ಮಾಡು ಹಾಕಿದವರೂ ಇದ್ದಾರೆ. ಎರಡು ಖರ್ಚು!

2018ರ ಆಗಸ್ಟಿನಲ್ಲಿ ಮಡಿಕೇರಿ ತಾಲ್ಲೂಕಿನಲ್ಲಿ ಗುಡ್ಡಗಳು ಜಾರಿ ಊರುಗಳೇ ಹಾಳಾದವು. ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದೂ ಅದಕ್ಕೆ ಒಂದು ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದರು. ಹೊಸ ಮನೆಗೆ ಜಾಗ ನೋಡುವವರು ಹಿರಿಯರು ಎಲ್ಲಿ ಪಾಯ ಹಾಕಿದ್ದರು, ನೀರನ್ನು ಯಾವ ಕಡೆ ಹರಿಯಬಿಟ್ಟಿದ್ದರು ಎಂದು ಒಮ್ಮೆ ತಿರುಗಿ ನೋಡುವುದು ಒಳ್ಳೆಯದು.

ಉಳಿಸಿಕೊಳ್ಳಬೇಕೆನ್ನುವ ಒಕ್ಕಗಳಿಗೆ ಒಂದೆರಡು ಮಾತು. ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬೇಡ. ಒಳಗಿನ ತೇವ ಹೊರಬರಲಾರದೆ ಗೋಡೆ ಉದುರುತ್ತದೆ. ಸುಣ್ಣದ ಗಾರೆ ಅಥವಾ ಮಣ್ಣೇ ಸರಿ. ಒಕ್ಕದ ಸಭೆಯಲ್ಲಿ ಮನೆಗೆ ಇಷ್ಟೆಂದು ವಂತಿಗೆ ಗೊತ್ತುಮಾಡಿ, ಲೆಕ್ಕ ಬರೆಯಲು ಒಬ್ಬರನ್ನು ಹೊಣೆ ಮಾಡಿ. ತಿಂಗಳಿಗೊಮ್ಮೆಯಾದರೂ ಬಾಗಿಲು ತೆರೆದು ಒಲೆ ಹಚ್ಚಿ. ಒಡೆದ ಹೆಂಚು ಬದಲಿಸುವ, ಅಂಗಳದ ಮೋರಿ ತೆಗೆಯುವ ಕೆಲಸ ಏಪ್ರಿಲ್ ಒಳಗೆ ಆಗಬೇಕು. ಜೂನ್ ಮಳೆ ಹಿಡಿದ ಮೇಲೆ ಮಾಡಿನ ಮೇಲೆ ಹತ್ತುವ ಆಳು ಸಿಗುವುದಿಲ್ಲ.