ಗಾಯಕ್ಕೆ ದಾಖಲೆಯುಂಟು, ವಸ್ತುವಿಗಿಲ್ಲ

ಕುಕ್ಕರ್ ಸಿಡಿದು ಸುಟ್ಟುಕೊಂಡವರು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದರೆ ಗಾಯದ ಪ್ರಮಾಣವೂ ಕೊಟ್ಟ ಔಷಧವೂ ದಾಖಲಾಗುತ್ತವೆ. ಕುಕ್ಕರ್ ಯಾವ ಕಂಪನಿಯದು, ಐಎಸ್‌ಐ ಮುದ್ರೆ ಇತ್ತೇ, ಸುರಕ್ಷಾ ವಾಲ್ವ್ ಅಸಲಿಯೇ ಎಂಬ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಅಲ್ಲಿ ಜಾಗವಿಲ್ಲ. ಹೀಗಾಗಿ ಬೆಟಗೇರಿ, ಶಿರಹಟ್ಟಿ, ಮುಂಡರಗಿಗಳಲ್ಲಿ ಒಂದೇ ದೋಷದಿಂದ ಅವಘಡಗಳಾದರೂ ಅವು ಮೂರು ಮನೆಗಳ ಮೂರು ದುರದೃಷ್ಟಗಳಾಗಿಯೇ ಉಳಿಯುತ್ತವೆ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷಾ ಆಯೋಗವು 1970ರ ದಶಕದಿಂದ ಆಯ್ದ ಆಸ್ಪತ್ರೆಗಳ ತುರ್ತು ವಿಭಾಗಗಳ ಮಾಹಿತಿಯಿಂದ ಇಡೀ ದೇಶದ ಅಂದಾಜು ಕಟ್ಟುತ್ತಿದೆ. ಇಂತಹ ಆಸ್ಪತ್ರೆಗಳು ಸುಮಾರು 100 ಮಾತ್ರ. ಅಲ್ಲಿ ಶಿಶುಗಳ ವಾಕರ್‌ನಿಂದಾದ ಗಾಯಗಳು 1990ರಲ್ಲಿ 20 ಸಾವಿರಕ್ಕೂ ಹೆಚ್ಚಿದ್ದವು. 2003ರ ಹೊತ್ತಿಗೆ ಸುಮಾರು 3 ಸಾವಿರಕ್ಕಿಳಿದವು. ಮೆಟ್ಟಿಲಂಚಿನಲ್ಲಿ ನಿಲ್ಲುವಂತೆ ವಾಕರ್‌ನ ವಿನ್ಯಾಸ ಬದಲಾದದ್ದು ಇದಕ್ಕೊಂದು ಮುಖ್ಯ ಕಾರಣ.

ನಮ್ಮಲ್ಲಿ ಕಾನೂನಿನ ಕೊರತೆಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ರಚನೆಯಾದ ಕೇಂದ್ರ ಪ್ರಾಧಿಕಾರಕ್ಕೆ ಅಪಾಯಕಾರಿ ವಸ್ತುಗಳನ್ನು ಮಾರುಕಟ್ಟೆಯಿಂದ ಹಿಂಪಡೆಸುವ ಅಧಿಕಾರವಿದೆ. 2022ರಲ್ಲಿ ಕಡ್ಡಾಯ ಮಾನದಂಡಕ್ಕೆ ಒಳಪಡದ 2,265 ಕುಕ್ಕರ್‌ಗಳನ್ನು ಹಿಂಪಡೆಯುವಂತೆ ಒಂದು ಆನ್‌ಲೈನ್ ಮಾರಾಟ ಸಂಸ್ಥೆಗೆ ಅದು ಆದೇಶಿಸಿತ್ತು. ಆನ್‌ಲೈನ್ ಮಾರಾಟ ದೆಹಲಿಯಲ್ಲಿ ಕುಳಿತವರಿಗೂ ಕಾಣುತ್ತದೆ. ಲಕ್ಷ್ಮೇಶ್ವರದ ಸಂತೆ ಕಾಣುವುದಿಲ್ಲ. ಅದನ್ನು ಕಾಣಿಸಬಲ್ಲದ್ದು ಆಸ್ಪತ್ರೆಯ ದಾಖಲೆಯೇ.

ಇಲ್ಲೊಂದು ಸೂಕ್ಷ್ಮವಿದೆ. ಹೆಣ್ಣುಮಕ್ಕಳನ್ನು ಸುಟ್ಟ ಕೃತ್ಯಗಳನ್ನು 'ಸ್ಟೋವ್ ಸಿಡಿಯಿತು' ಎಂಬ ಮಾತಿನಿಂದ ಮುಚ್ಚಿದ ಪ್ರಕರಣಗಳನ್ನು ಈ ದೇಶ ಕಂಡಿದೆ. ಕೇಳಿದ್ದನ್ನಷ್ಟೇ ಬರೆದರೆ ನಿರಪರಾಧಿ ಸ್ಟೋವ್ ದೋಷಿಯಾದೀತು, ಅಪರಾಧಿ ಪಾರಾದಾನು. ಆದ್ದರಿಂದಲೇ ವಸ್ತುವಿನ ಸ್ಥಿತಿಯ ವಿವರ ಅಗತ್ಯ: ಸಿಡಿದ ಸ್ಟೋವ್ ಎಲ್ಲಿದೆ ಎಂಬ ಒಂದು ಪ್ರಶ್ನೆ ಎರಡು ಬಗೆಯ ಸತ್ಯಗಳನ್ನೂ ಹೊರತರಬಲ್ಲದು. ಇತರ ಆಕಸ್ಮಿಕಗಳಲ್ಲಿ ಈ ಮಾಹಿತಿ ರೋಗಿಯ ಹೆಸರಿಲ್ಲದೆ ಸಂಗ್ರಹವಾಗಬೇಕು. ಪೊಲೀಸರ ಅಂಜಿಕೆಯಿದ್ದಲ್ಲಿ ಜನ ನಿಜ ಹೇಳರು.

ಇದು ನಮ್ಮ ಶಕ್ತಿಗೆ ಮೀರಿದ್ದಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹಲವು ಆಸ್ಪತ್ರೆಗಳನ್ನು ಸೇರಿಸಿಕೊಂಡು ಗಾಯಗಳ, ವಿಶೇಷವಾಗಿ ರಸ್ತೆ ಅಪಘಾತಗಳ, ಮಾಹಿತಿ ಸಂಗ್ರಹಿಸಿ ತೋರಿಸಿದೆ. ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯನ್ನು ಕೇಂದ್ರವಾಗಿಸಿ, ಮೂರು ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಿಂದ ಆರಂಭಿಸಬಹುದು. ಲಕ್ಷ್ಮೇಶ್ವರದವರು ಹುಬ್ಬಳ್ಳಿಗೂ ಹೋಗುವುದರಿಂದ ಅಲ್ಲಿ ರೋಗಿಯ ಊರನ್ನೂ ಬರೆದಿಡಬೇಕು.

ನಾಲ್ಕು ಸಾಲು ಸಾಕು: ವಸ್ತು, ತಯಾರಕರ ಹೆಸರು, ಕೊಂಡ ಸ್ಥಳ, ಅವಘಡವಾದ ಬಗೆ. ಆಡಳಿತದ ನನ್ನ ಅನುಭವದಲ್ಲಿ, ಲೆಕ್ಕಕ್ಕೆ ಬಾರದ ಕಷ್ಟಕ್ಕೆ ಕಡತ ತೆರೆಯುವುದಿಲ್ಲ. ಜಿಲ್ಲಾಡಳಿತ ಈ ನಾಲ್ಕು ಸಾಲುಗಳನ್ನು ಒಂದು ವರ್ಷ ಬರೆಸಿ ನೋಡಲಿ.