ಕನ್ನಡದ ಗೇಮ್‌ಗೆ ಈಸೂರು ಬೇಕು

ಮೊಬೈಲ್ ಗೇಮ್ ತಯಾರಿಸಿದವರಿಗೆ ಈಗ ಗೂಗಲ್ ಪ್ಲೇ ಸ್ಟೋರ್‌ನ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ. 2023ರ ನವೆಂಬರ್ 13ರ ನಂತರ ಸ್ವಂತ ಹೆಸರಿನಲ್ಲಿ ಡೆವಲಪರ್ ಖಾತೆ ಮಾಡಿಕೊಂಡವರು ಮೊದಲು ತಮ್ಮ ಆಟವನ್ನು ಜನರ ಕೈಯಲ್ಲಿ ಆಡಿಸಿ ತೋರಿಸಬೇಕು. ಶುರುವಿನಲ್ಲಿ 20 ಮಂದಿ ಪರೀಕ್ಷಕರು ಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಅದು 12ಕ್ಕೆ ಇಳಿಯಿತು. ಅಷ್ಟೂ ಮಂದಿ ಸತತ 14 ದಿನ ಜೊತೆಗಿರಬೇಕು. ಖಾತೆಗೆ 25 ಡಾಲರ್ ಕಟ್ಟಿದರೆ ಸಾಕು, ಕಷ್ಟವಿರುವುದು ಈ ಜನರನ್ನು ಹೊಂದಿಸುವುದರಲ್ಲಿ. ದುಡ್ಡು ಕೊಟ್ಟರೆ ಪರೀಕ್ಷಕರನ್ನು ಒದಗಿಸುವವರೂ ಹುಟ್ಟಿಕೊಂಡಿದ್ದಾರೆ. ಅಲ್ಲಿ ಲೆಕ್ಕ ಭರ್ತಿಯಾಗುತ್ತದೆ, ಆಟವನ್ನು ಮನಸ್ಸಿಟ್ಟು ಆಡಿದವರು ಸಿಗುವುದಿಲ್ಲ.

ಕನ್ನಡದಲ್ಲಿ ಗೇಮ್ ಮಾಡಲು ಹೊರಟ ಸಣ್ಣ ಸ್ಟುಡಿಯೋಗಳಿಗೆ ನಾನು ಹೇಳುವುದು ಇಷ್ಟೇ. ಆ 12 ಮಂದಿಯನ್ನು ಬೆಂಗಳೂರಿನ ಗೆಳೆಯರ ಬಳಗದಲ್ಲಿ ಹುಡುಕಬೇಡಿ. ಶಿಕಾರಿಪುರದ ಬಸ್ಸು ಹತ್ತಿ, ಈಸೂರಿನಂಥ ಊರಿಗೆ ಬನ್ನಿ. ಅದೂ ಆಟವೆಲ್ಲ ಮುಗಿದ ಮೇಲಲ್ಲ, ವರ್ಷದ ಯೋಜನೆ ಹಾಕುವಾಗಲೇ ಬನ್ನಿ.

ಬೆಂಗಳೂರಿಗೆ ಗೇಮ್ ಕಟ್ಟುವುದು ಹೊಸದಲ್ಲ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಧ್ರುವ ಇಂಟರಾಕ್ಟಿವ್ ಶುರುಮಾಡಿದಾಗ ದೇಶದಲ್ಲಿ ಅಂಥ ಕಂಪನಿಗಳೇ ಇರಲಿಲ್ಲ ಎನ್ನಬೇಕು. ಹೊರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳನ್ನು ರೂಪಿಸಿಕೊಟ್ಟೇ ಆ ಸಂಸ್ಥೆ ಬೆಳೆಯಿತು. ಕೊನೆಗೆ 2019ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ ಮಾಡುವ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು. ಅನಿಮೇಶನ್ ಮತ್ತು ಗೇಮಿಂಗ್‌ಗೆಂದೇ ನೀತಿ ತಂದ ಮೊದಲ ರಾಜ್ಯವೂ ನಮ್ಮದೇ, 2012ರಲ್ಲಿ. ಅದರ ಮೂರನೆಯ ಆವೃತ್ತಿ 2024ರಿಂದ 2029ರವರೆಗಿನದು. ಕೈಯಲ್ಲಿ ಇಷ್ಟು ಕಸುಬಿದ್ದೂ ಕನ್ನಡದಲ್ಲೇ ಹುಟ್ಟಿ ಕನ್ನಡದಲ್ಲೇ ಮಾತಾಡುವ ಆಟಗಳು ವಿರಳ. ಟೊರಾಂಟೊದ ಪುಟ್ಟ ತಂಡವೊಂದು ವಲಸೆ ಬಂದ ತಮಿಳು ಕುಟುಂಬದ ಅಡುಗೆಮನೆಯನ್ನೇ ಆಟವಾಗಿಸಿ 2023ರಲ್ಲಿ ‘ವೆಂಬಾ’ ತಂದಿತು. ಮರುವರ್ಷ ಅದಕ್ಕೆ ಚೊಚ್ಚಲ ಆಟದ ಬಾಫ್ಟಾ ಪ್ರಶಸ್ತಿ ಬಂತು. ನಮ್ಮಲ್ಲಿ ಕಥೆಗಳಿಗೆ ಬರವೇ?

ಕನ್ನಡದ ಆಟಕ್ಕೆ ಮೊದಲ ಏಟು ಬೀಳುವುದು ಅಕ್ಷರದಲ್ಲಿ. ಮೊಬೈಲ್ ಗೇಮ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಯೂನಿಟಿ ಎಂಬ ಗೇಮ್ ಎಂಜಿನ್ನಿನ ಟೆಕ್ಸ್ಟ್ ಮೆಶ್ ಪ್ರೊ ಎಂಬ ಸಲಕರಣೆಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ನೀವು ‘ಸ್ವಾತಂತ್ರ್ಯ’ ಎಂದು ಬರೆದರೆ ತೆರೆಯ ಮೇಲೆ ‘ಸ್‌ವಾತಂತ್‌ರ್‌ಯ’ ಎಂಬಂತೆ ಬಿಡಿಬಿಡಿಯಾಗಿ ಬೀಳುತ್ತದೆ. 2023ರ ಮಾರ್ಚ್‌ನಲ್ಲಿ ಬಂದ ಗೋಡೋ 4 ಎಂಬ ಇನ್ನೊಂದು ಎಂಜಿನ್ನಿನಲ್ಲಿ ಈ ತೊಂದರೆ ನೀಗಿದೆ. ಆದರೆ ಕೈಗೆ ಒಗ್ಗಿದ ಸಲಕರಣೆ ಬಿಟ್ಟು ಬೇರೆಯದಕ್ಕೆ ಹೋಗುವುದೆಂದರೆ ಸಣ್ಣ ತಂಡಕ್ಕೆ ತಿಂಗಳುಗಟ್ಟಲೆ ಕೆಲಸ. ಫೋನಿನಲ್ಲಿ ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪು ಮಾಡಿ ರೂಢಿಯಾದ ನಗರದ ಗೆಳೆಯರು ಇಂಥ ಒಡಕನ್ನು ಕಂಡೂ ಕಾಣದಂತೆ ಮುಂದೆ ಹೋಗುತ್ತಾರೆ. ಪತ್ರಿಕೆ, ಪಹಣಿ, ಪಾಠಪುಸ್ತಕವನ್ನೆಲ್ಲ ಕನ್ನಡದಲ್ಲೇ ಓದುವವರು ಮೊದಲ ಪರದೆಯಲ್ಲೇ ತಡೆದು, ಇದೇನು ಹೀಗಿದೆ ಎಂದು ಕೇಳುತ್ತಾರೆ. ಸ್ಟುಡಿಯೋಗೆ ಬೇಕಿರುವುದು ಆ ಕಣ್ಣು.

ಫೋನಿನದೂ ಇದೇ ಮಾತು. ಕಚೇರಿಯ ಮೇಜಿನ ಮೇಲಿನ ದುಬಾರಿ ಫೋನಿನಲ್ಲಿ ನೀರಿನಂತೆ ಓಡಿದ ಆಟ, ಮೆಮೊರಿ ತುಂಬಿದ ಹಳೆಯ ಆಂಡ್ರಾಯ್ಡ್‌ನಲ್ಲಿ ಹೇಗಿರುತ್ತದೆ? ಹೊಸ ಆಟ ಇಳಿಸಿಕೊಳ್ಳಲು ಮದುವೆಯ ವಿಡಿಯೋ ಅಳಿಸಬೇಕೆಂದರೆ ಆಟಕ್ಕೇ ಕೊಕ್ ಬೀಳುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಟ್ಟಾಗ, ಅಲ್ಲಿಯವರೆಗೆ ಆಡಿದ್ದು ಉಳಿದಿರುತ್ತದೆಯೇ? ಬಿಸಿಲಲ್ಲಿ ಗದ್ದೆಯ ಬದುವಿನ ಮೇಲೆ ನಿಂತು ನೋಡಿದರೆ ಅಕ್ಷರ ಕಾಣುತ್ತದೆಯೇ? ಇವಕ್ಕೆಲ್ಲ ಲ್ಯಾಬಿನಲ್ಲಿ ಉತ್ತರ ಸಿಗುವುದಿಲ್ಲ.

ಇನ್ನು ಈಸೂರಿನ ಕಥೆಯನ್ನೇ ಆಟ ಮಾಡಲು ಯಾರಾದರೂ ಮನಸ್ಸು ಮಾಡಿದರು ಎಂದುಕೊಳ್ಳೋಣ. ಯಾವತ್ತಾದರೂ ಯಾರಾದರೂ ಮಾಡಲಿ ಎಂಬುದು ನನ್ನ ಆಸೆ. 1942ರ ಸೆಪ್ಟೆಂಬರ್‌ನಲ್ಲಿ, ಮೈಸೂರು ಸಂಸ್ಥಾನದೊಳಗಿನ ಈ ಹಳ್ಳಿ ತಾನು ಸ್ವತಂತ್ರವೆಂದು ಸಾರಿಕೊಂಡಿತು. ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಏರಿತು. ಊರಿನ ಆ ಆಡಳಿತದಲ್ಲಿ ಇನ್ನೂ ಮೀಸೆ ಬಾರದ ಹುಡುಗರಾದ ಜಯಣ್ಣ ಅಮಲ್ದಾರ, ಮಲ್ಲಪ್ಪ ಸಬ್ ಇನ್ಸ್‌ಪೆಕ್ಟರ್. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ಇಂದಿಗೂ ಜನರ ಬಾಯಲ್ಲಿದೆ. ಹುಡುಗನೊಬ್ಬ ಊರಿನ ಅಧಿಕಾರ ನಡೆಸುವ ಆಟ! ಕಂದಾಯ ಕೊಡುವುದೋ ಬೇಡವೋ, ಯಾರನ್ನು ಊರೊಳಗೆ ಬಿಡುವುದು, ಯಾರನ್ನು ತಡೆಯುವುದು. ಇದಕ್ಕಿಂತ ಒಳ್ಳೆಯ ವಸ್ತು ಗೇಮ್ ಮಾಡುವವರಿಗೆ ಎಲ್ಲಿ ಸಿಗಬೇಕು?

ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ಸಂಸ್ಥಾನದ ಸರ್ಕಾರದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಪ್ರಾಣ ಕಳೆದುಕೊಂಡರು. ಆಮೇಲೆ ಪಡೆಗಳು ಊರಿಗೆ ನುಗ್ಗಿದವು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಬೇರೊಬ್ಬ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಗಲ್ಲಿಗೇರಿಸಲಾಯಿತು. ಹೊಡೆದಾಟದ ದೃಶ್ಯ ಬಂದಾಗ ಕೈಗೆ ದೊಣ್ಣೆ ಕೊಟ್ಟು, ಬಿದ್ದವರ ಲೆಕ್ಕಕ್ಕೆ ಅಂಕ ಕೊಡುವುದು ಗೇಮ್‌ನವರಿಗೆ ಅಭ್ಯಾಸ. ಈ ಊರಿನ ಕಥೆಗೆ ಅದು ಒಪ್ಪುತ್ತದೆಯೇ? ಆ ದಿನವನ್ನು ಆಡಿಸಬೇಕೋ, ಬರೀ ತೋರಿಸಬೇಕೋ ಎಂದು ಹೇಳಬೇಕಾದವರು ಆ ಮನೆತನಗಳ ಮೊಮ್ಮಕ್ಕಳು, ಮರಿಮಕ್ಕಳು. 1942ರ ಶಿಕಾರಿಪುರ ಸೀಮೆಯ ಹಿರಿಯರ ಬಾಯಲ್ಲಿ ಈಗಿನ ಬೆಂಗಳೂರಿನ ‘ಗುರು’, ‘ಮಗಾ’ ಬಂದರೆ ಅವರೇ ತಿದ್ದುತ್ತಾರೆ. ಅವರು ಬೇಡವೆಂದದ್ದನ್ನು ಕಿತ್ತುಹಾಕಲು ಯೋಜನೆಯಲ್ಲಿ ಸಮಯವಿರಬೇಕು. ಬಿಡುಗಡೆಗೆ ವಾರವಿರುವಾಗ ಕೇಳಿದರೆ ಕೇಳಿದ ಶಾಸ್ತ್ರ ಆಗುತ್ತದೆ, ಅಷ್ಟೇ.

ಹಾಗಾಗಿ ಸ್ಟುಡಿಯೋದ ವರ್ಷಕ್ಕೆ ಎರಡು ಪಂಚಾಂಗ. ಒಂದು ಉದ್ಯಮದ್ದು. ಆಟವನ್ನು ಕಂಪ್ಯೂಟರಿಗೂ ತರುವುದಾದರೆ, ಅಲ್ಲಿನ ಆಟಗಳ ಅಂಗಡಿಯಾದ ಸ್ಟೀಮ್‌ನಲ್ಲಿ ಡೆಮೊ ಆಡಿಸುವ ನೆಕ್ಸ್ಟ್ ಫೆಸ್ಟ್ ಫೆಬ್ರುವರಿ, ಜೂನ್, ಅಕ್ಟೋಬರ್‌ಗಳಲ್ಲಿ ಬರುತ್ತದೆ, ಒಂದು ಆಟಕ್ಕೆ ಅಲ್ಲಿ ಒಂದೇ ಅವಕಾಶ; ನವೆಂಬರ್ ಹೊತ್ತಿಗೆ ಗೇಮ್ ಡೆವಲಪರ್‌ಗಳ ಸಮ್ಮೇಳನ. ಇನ್ನೊಂದು ಊರಿನದು. ಮಾರ್ಚ್ ಪರೀಕ್ಷೆಯ ತಿಂಗಳು, ಮಕ್ಕಳಿರುವ ಮನೆಗೆ ಗೇಮ್ ಹಿಡಿದು ಹೋಗಬೇಡಿ. ಜುಲೈ, ಆಗಸ್ಟ್‌ನಲ್ಲಿ ನಾಟಿ. ದೀಪಾವಳಿ ಬಂತೆಂದರೆ ಶಿಕಾರಿಪುರ, ಸೊರಬದ ಹುಡುಗರಿಗೆ ಹೋರಿ ಹಬ್ಬ ಬಿಟ್ಟು ಬೇರೆ ಧ್ಯಾನವಿಲ್ಲ. ಉಳಿದಿದ್ದು ಏಪ್ರಿಲ್, ಮೇ. ಶಾಲೆ ಕಾಲೇಜಿಗೆ ರಜೆ, ಪೇಟೆಗೆ ಹೋದವರೂ ಊರಿಗೆ ಬಂದಿರುತ್ತಾರೆ. ಸತತ 14 ದಿನ ಕೇಳಬಹುದಾದ ಕಾಲ ಅದೇ. ಆಗ ಸಿಕ್ಕ ತಪ್ಪುಗಳನ್ನು ಮಳೆಗಾಲವಿಡೀ ಕೂತು ಸರಿಪಡಿಸಿದರೆ ಅಕ್ಟೋಬರ್‌ನ ಡೆಮೊ ಸಿದ್ಧ.

ಪರೀಕ್ಷಕರಾಗಲು ಬಯಸುವವರಿಗೆ ಆಂಡ್ರಾಯ್ಡ್ ಫೋನು, ಗೂಗಲ್ ಖಾತೆ ಇದ್ದರೆ ಸಾಕು, ಇಂಗ್ಲಿಷ್ ಬರಬೇಕೆಂದಿಲ್ಲ. 18 ತುಂಬದವರಾದರೆ ಹೆತ್ತವರ ಒಪ್ಪಿಗೆ ಪಡೆಯಲೇಬೇಕು. 2023ರ ದತ್ತಾಂಶ ರಕ್ಷಣಾ ಕಾಯ್ದೆಯೂ ಅದನ್ನೇ ಕೇಳುತ್ತದೆ. ಸ್ಟುಡಿಯೋದವರು 12ಕ್ಕೆ ನಿಲ್ಲದೆ ಇನ್ನಷ್ಟು ಮಂದಿಯನ್ನು ಸೇರಿಸಿಕೊಳ್ಳಲಿ, ಯಾರಿಗಾದರೂ ಮನೆಗೆಲಸ ಬಂದೇ ಬರುತ್ತದೆ. ಡೇಟಾದ ಖರ್ಚನ್ನೂ ದಿನದ ಕೂಲಿಯನ್ನೂ ಕೊಡಲಿ. ‘ಚೆನ್ನಾಗಿದೆ ಅಣ್ಣ’ ಎಂಬ ಮೆಸೇಜು ಸಂತೋಷ ಕೊಡುತ್ತದೆ, ಕೆಲಸಕ್ಕೆ ಬರುವುದಿಲ್ಲ. ‘ಎರಡನೇ ಹಂತದಲ್ಲಿ ದೇವಸ್ಥಾನದ ಬಾಗಿಲು ತೆರೆಯಲಿಲ್ಲ, ಅಷ್ಟರಲ್ಲಿ ಫೋನು ಕಾದುಹೋಗಿತ್ತು’ ಎಂದು ಬರೆದವರು ತಂಡದ ಎಷ್ಟೋ ರಾತ್ರಿಯ ನಿದ್ದೆ ಉಳಿಸುತ್ತಾರೆ.

ಬರೆದು ಕಳಿಸುವುದಕ್ಕೂ ಬಾರದವು ಕೆಲವಿರುತ್ತವೆ. ಹೆಬ್ಬೆರಳು ಎಲ್ಲಿ ತಡವರಿಸಿತು, ಯಾವ ಸಾಲನ್ನು ಓದದೆ ದಾಟಿಸಿದರು ಎಂಬುದು ಆಡಿದವರಿಗೇ ತಿಳಿಯುವುದಿಲ್ಲ. ಅದನ್ನು ಕಾಣಲು ಸ್ಟುಡಿಯೋದವರು ಊರಿಗೆ ಬಂದು ಪಕ್ಕದಲ್ಲಿ ಕೂರಬೇಕು. ಕೂತವರು ಬಾಯಿ ಬಿಡಬಾರದು. ‘ಅಲ್ಲಿ ಒತ್ತಿ’ ಎಂದು ಹೇಳಿಕೊಟ್ಟರೆ ಪರೀಕ್ಷೆ ಅಲ್ಲಿಗೆ ಕೆಟ್ಟಿತು. ಬಿಡುಗಡೆಯಾದ ಮೇಲೆ ಆಟ ಇಳಿಸಿಕೊಂಡವರಿಗೆ ಹೀಗೆ ಹೇಳಿಕೊಡಲು ಯಾರೂ ಇರುವುದಿಲ್ಲ.