ಐವತ್ತೊಂದನೆಯ ಕೀರ್ತನೆ

ಐವತ್ತೊಂದನೆಯ ಕೀರ್ತನೆಯು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಪಶ್ಚಾತ್ತಾಪದ ಹಾಡು. ಕ್ರೈಸ್ತ ಸಂಪ್ರದಾಯವು ಗುರುತಿಸುವ ಏಳು ಪಶ್ಚಾತ್ತಾಪ ಕೀರ್ತನೆಗಳಲ್ಲಿ ಇದೇ ಹೆಚ್ಚು ಪ್ರಸಿದ್ಧ. ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿ ಅವನ ಪತ್ನಿ ಬತ್ಷೆಬೆಯನ್ನು ವರಿಸಿದ ಅರಸ ದಾವೀದನು, ಪ್ರವಾದಿ ನಾತಾನನಿಂದ ಖಂಡನೆಗೊಳಗಾದ ಬಳಿಕ ಇದನ್ನು ಹಾಡಿದನೆಂಬುದು ಪರಂಪರಾಗತ ನಂಬಿಕೆ. ಬಲಿಪಶುವಲ್ಲ, ಮುರಿದ ಮನಸ್ಸೇ ದೇವರಿಗೆ ಒಪ್ಪುವ ಕಾಣಿಕೆ ಎಂಬುದು ಇದರ ಜೀವಾಳ. ಆದರೆ ಕೊನೆಯ ಎರಡು ವಚನಗಳಲ್ಲಿ ವೇದಿಗೆ ಹೋರಿಗಳನ್ನು ಅರ್ಪಿಸುವ ಮಾತು ಬರುತ್ತದೆ; ಅವು ನಂತರದ ಸೇರ್ಪಡೆಯೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಇದನ್ನು ಕನ್ನಡಕ್ಕೆ ತಂದ ಆರಂಭದ ಅನುವಾದಕರಲ್ಲಿ ಪ್ರಮುಖರು ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್. ಅವರು 1810ರಲ್ಲಿ ಬಳ್ಳಾರಿಗೆ ಬಂದರು; ಪೂರ್ಣ ಕನ್ನಡ ಬೈಬಲ್ 1831ರಲ್ಲಿ ಹೊರಬಂದಿತು. ಬಳ್ಳಾರಿಯಿಂದ ಸುಮಾರು 60 ಕಿಲೋಮೀಟರ್ ದೂರದ ಹಂಪಿಯಲ್ಲಿ ಪುರಂದರದಾಸರ ಮಂಟಪವಿದೆ. ದಾವೀದನ ಹಾಡುಗಳಿಗೆ ಕನ್ನಡ ಬೈಬಲಿನಲ್ಲಿ ಸಲ್ಲುವ 'ಕೀರ್ತನೆ' ಎಂಬ ಹೆಸರೇ ದಾಸರ ಪದಗಳಿಗೂ ಇದೆ.